ಒಳಗೆ–ಹೊರಗೆ ಆಟವೂ ಅಕ್ಷಹೃದಯವೂ

ಯುಗಾದಿಯ ಮರುದಿನವಾದ ಹೊಸತೊಡಕಿನಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಮಾಂಸದೂಟದಂತೆಯೇ ರೂಢಿಗೆ ಬಂದಿರುವ ಮತ್ತೊಂದು ವಾಡಿಕೆಯೆಂದರೆ ಜೂಜು. ವರ್ಷವಿಡೀ ಇಸ್ಪೀಟನ್ನು ಮುಟ್ಟದವನೂ ಅಂದು ತೋಪಿನ ನೆರಳಿನಲ್ಲಿ ಕುಳಿತು ಪಣ ಕಟ್ಟುವುದುಂಟು. ಆ ದಿನದ ಆಟಗಳಲ್ಲಿ ಪ್ರಸಿದ್ಧವಾದುದು ‘ಅಂದರ್–ಬಾಹರ್’, ಎಂದರೆ ಒಳಗೆ–ಹೊರಗೆ.

ಇದರ ವಿಧಿ ಅತಿ ಸರಳ. 52 ಎಲೆಗಳ ಕಟ್ಟನ್ನು ಕಲೆಸಿ ಒಂದೆಲೆಯನ್ನು ತೆರೆದಿಡುವರು. ಬಳಿಕ ಒಳಗೊಂದು ಹೊರಗೊಂದರಂತೆ ಹಾಕುತ್ತ ಹೋಗಲು, ತೆರೆದಿಟ್ಟ ಎಲೆಯ ಜೊತೆಯು ಯಾವ ಬದಿಗೆ ಮೊದಲು ಬೀಳುವುದೋ ಆ ಬದಿಯವರಿಗೆ ಜಯ. ಆಟಗಾರನು ಮಾಡತಕ್ಕುದು ಬದಿಯನ್ನು ಆರಿಸುವುದೊಂದೇ.

ಉಳಿದ 51 ಎಲೆಗಳಲ್ಲಿ ಜೊತೆಗಳು ಮೂರು. ಆ ಮೂರು ಬೀಳಬಹುದಾದ ಸ್ಥಾನಭೇದಗಳು 20,825. ಅವುಗಳ ಪೈಕಿ 10,725ರಲ್ಲಿ ಮೊದಲ ಎಲೆ ಬಿದ್ದ ಬದಿಯೇ ಗೆಲ್ಲುವುದು. ನೂರಕ್ಕೆ 51.5ರಷ್ಟಾಯಿತು. ಇದರಲ್ಲಿ ಯುಕ್ತಿಯೆಂಬುದಿದ್ದರೆ ಇಷ್ಟೇ. ಅದನ್ನೂ ಆಟ ನಡೆಸುವವನು ಬಲ್ಲನು. ಕೆಲವೆಡೆ ಆ ಬದಿಯ ಗೆಲವಿಗೆ ರೂಪಾಯಿಗೆ 90 ಪೈಸೆಯನ್ನು ಮಾತ್ರ ಕೊಡುವರು. ಆಗ ನೂರು ಸಲ ರೂಪಾಯಿಯಂತೆ ಕಟ್ಟಿದವನಿಗೆ ಸರಾಸರಿ 2 ರೂಪಾಯಿ 15 ಪೈಸೆ ನಷ್ಟ. ಎದುರು ಬದಿಯನ್ನೇ ನಂಬಿದವನಿಗೆ 3 ರೂಪಾಯಿ. ‘ಮೂರು ಸಲ ಒಳಗೆ ಬಿತ್ತು, ಇನ್ನು ಹೊರಗೇ ಸೈ’ ಎಂದು ಪಣವನ್ನು ಇಮ್ಮಡಿಸುವವನು ಮನೆಯ ದವಸದ ಹಣವನ್ನೂ ತಂದು ಸುರಿಯುತ್ತಾನೆ. ಪ್ರತಿ ಆಟಕ್ಕೂ ಕಟ್ಟನ್ನು ಪೂರ್ತಿ ಕಲೆಸುವುದರಿಂದ ಎಲೆಗಳಿಗೆ ಹಿಂದಿನ ಆಟದ ನೆನಪೆಲ್ಲಿಯದು!

ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣನು ತಾರೆಮರದ ಎಲೆಹಣ್ಣುಗಳನ್ನು ನೋಡಿದ ಮಾತ್ರದಿಂದಲೇ ಎಣಿಸಿ ಹೇಳಿ, ನಳನಿಗೆ ಅಕ್ಷಹೃದಯವನ್ನು ಉಪದೇಶಿಸಿದನಷ್ಟೆ. ಆ ಬಳಿಕವೇ ನಳನು ಪುಷ್ಕರನಿಂದ ರಾಜ್ಯವನ್ನು ಮರಳಿ ಗೆದ್ದನು. ಸಂಖ್ಯಾಜ್ಞಾನವು ದ್ಯೂತದಲ್ಲಿ ಫಲಿಸುವುದೆಂಬ ಭಾವನೆ ಹೀಗೆ ಪುರಾತನವಾದುದು. ಅದು ಕೇವಲ ಕಲ್ಪನೆಯೂ ಅಲ್ಲ. ಸ್ಪೇನಿನ ಸರ್ವಾಂಟಿಸನು 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿಯೇ ಕಾಣಬರುವ ‘ಇಪ್ಪತ್ತೊಂದು’ ಎಂಬ ಆಟದಲ್ಲಿ, ಎಲೆಗಳ ಮೊತ್ತವು 21ನ್ನು ಮೀರದೆ ಅದರ ಸಮೀಪಕ್ಕೆ ಬರಬೇಕು. ಇನ್ನೊಂದೆಲೆ ಬೇಕೇ ಬೇಡವೇ ಎಂಬುದು ಆಟಗಾರನ ಇಚ್ಛೆ. ಬಿದ್ದ ಎಲೆಗಳು ಒಡನೆಯೇ ಕಟ್ಟಿಗೆ ಹಿಂದಿರುಗದಿರುವಾಗ ಅವನ್ನು ಎಣಿಸಿಟ್ಟುಕೊಂಡವನು ಗೆಲ್ಲಬಲ್ಲನೆಂದು ಅಮೆರಿಕದ ಗಣಿತಜ್ಞ ಎಡ್ವರ್ಡ್ ತಾರ್ಪನು 1962ರ ತನ್ನ ಗ್ರಂಥದಲ್ಲಿ ಸಾಧಿಸಿ ತೋರಿಸಿದನು. ಒಳಗೆ–ಹೊರಗೆಯಲ್ಲಿ ಎಣಿಸಲು ಉಳಿಯುವುದೂ ಇಲ್ಲ, ಎಣಿಸಿದವನು ಮಾಡಬಹುದಾದುದೂ ಇಲ್ಲ. ಋತುಪರ್ಣನೇ ಬಂದು ಕುಳಿತರೂ ತೋಪಿನಿಂದ ಬರಿಗೈಯಲ್ಲಿ ಏಳಬೇಕಾದೀತು.

ಕೌಟಿಲ್ಯನು ದ್ಯೂತಾಧ್ಯಕ್ಷನನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕೆಂದು ವಿಧಿಸಿದನು. ಈಗಿನ ನ್ಯಾಯವು ಬೇರೆ ದಾರಿ ಹಿಡಿದಿದೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ತೀರ್ಮಾನಿಸಿತು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 176ನೆಯ ಕಲಮು ಕೌಶಲದ ಆಟಗಳಿಗೆ ವಿನಾಯಿತಿಯಿತ್ತಿದೆ. ಒಳಗೆ–ಹೊರಗೆಯು ಆ ನೆರಳಿಗೆ ಸೇರಿದುದಲ್ಲ.