ಶಾಸ್ತ್ರದಾನವೂ ಪರರ ಅಟ್ಟವೂ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸುಪ್ರಸಿದ್ಧ. ಓಲೆಗರಿಯು ಪಡೆದವನ ಬಳಿಯೇ ಉಳಿಯುತ್ತಿತ್ತೆಂಬುದನ್ನು ಗಮನಿಸುವವರು ವಿರಳ.

2006ರಲ್ಲಿ ಗೂಗಲ್ ಸಂಸ್ಥೆಯು ವಿದ್ಯಾಲಯಗಳಿಗೆ ಮಿಂಚಂಚೆ, ಕಡತಗಳ ಸೌಕರ್ಯವನ್ನು ಉಚಿತವಾಗಿ ನೀಡತೊಡಗಿತು. ಬಡ ಶಾಲೆಗಳಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕಡತಗಳಿರುವುದು ಸಂಸ್ಥೆಯ ಯಂತ್ರಗಳಲ್ಲಿ. ಮಿತಿಯಿಲ್ಲದಿದ್ದ ಸಂಗ್ರಹಕ್ಕೆ 2022ರಲ್ಲಿ ಪ್ರತಿ ವಿದ್ಯಾಸಂಸ್ಥೆಗೆ 100 ಟೆರಾಬೈಟ್‌ಗಳ ಗೆರೆ ಬಿತ್ತು. ಸಣ್ಣ ಶಾಲೆಗೆ ಅಷ್ಟು ಧಾರಾಳವೇ ಸರಿ. ಗೆರೆ ಎಳೆದ ಕೈ ಮಾತ್ರ ದಾನಿಯದು.

ದಬ್ಬೇಘಟ್ಟದ ಸೀಮೆಯಲ್ಲಿ ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಡುವರು, ಅಟ್ಟ ಬೆಳೆಗಾರನದೇ. ಪರರ ಅಟ್ಟದಲ್ಲಿಟ್ಟರೆ ಅದು ನ್ಯಾಸ. ಇಟ್ಟವನು ಲೆಕ್ಕ ಮರೆತು ಕಡಮೆ ಕೇಳಿದಾಗ ‘ಅಷ್ಟೇ’ ಎಂದು ಒಪ್ಪಿಬಿಡುವುದನ್ನು ತತ್ತ್ವಾರ್ಥಸೂತ್ರವು ನ್ಯಾಸಾಪಹಾರವೆಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಇಟ್ಟುಕೊಂಡವನಿಗೆ ಈ ಕಟ್ಟಳೆ. ಆದರೆ ಇಟ್ಟವನು ಲೆಕ್ಕವನ್ನೇ ಬರೆದಿಡದಿದ್ದರೆ ಕೇಳುವುದೇನನ್ನು?

ಬಸದಿಯ ಟ್ರಸ್ಟುಗಳು ದಾನಪತ್ರಗಳನ್ನೂ ಶಾಸನಗಳ ಛಾಯಾಚಿತ್ರಗಳನ್ನೂ ಇಂತಹ ಉಚಿತ ಖಾತೆಗಳಲ್ಲಿ ಇರಿಸುವುದುಂಟು. ಕಾರ್ಯದರ್ಶಿ ಬದಲಾಗಿ ಗುಪ್ತಪದ ತಿಳಿಯದೆ ಹೋದರೆ ದಾನಿಯನ್ನು ದೂರಿ ಫಲವಿಲ್ಲ. ಕಡತಗಳನ್ನು ಹಿಂಪಡೆಯುವ ‘ಟೇಕ್‌ಔಟ್’ ಸೌಲಭ್ಯವನ್ನು ಗೂಗಲ್ 2011ರಲ್ಲೇ ಒದಗಿಸಿದೆ. ಮಾರ್ಚ್ ಅಂತ್ಯದಲ್ಲಿ ಲೆಕ್ಕ ಮುಗಿಸುವಾಗ ಅದನ್ನೂ ಬಳಸಿ, ಒಂದು ಪ್ರತಿಯನ್ನು ಬಸದಿಯ ಬೀರುವಿನಲ್ಲಿಡಲು ಅರ್ಧ ದಿನದ ಕೆಲಸ ಸಾಕು.