ಪಠ್ಯವಲ್ಲದ ಓದಿಗೊಂದು ಕೋಣೆ

ಪರೀಕ್ಷೆಗಾಗಲಿ ಸಂಶೋಧನೆಗಾಗಲಿ ಅಲ್ಲದೆ ಕೇವಲ ಸಂತೋಷಕ್ಕಾಗಿ ಓದುವ ಪುಸ್ತಕಗಳನ್ನು ಬೇರೆಯಾಗಿ ಜೋಡಿಸಿಡುವ ‘ವಿರಾಮ ಓದಿನ ಸಂಗ್ರಹ’ವು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮೊಳೆತದ್ದು ಆಡಳಿತದ ಔದಾರ್ಯಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳ ಹಸಿವಿನಿಂದ. ಯೇಲ್ ಕಾಲೇಜಿನ ಗ್ರಂಥಭಂಡಾರದಲ್ಲಿ ದೇವತಾಶಾಸ್ತ್ರ ಹಾಗೂ ಪ್ರಾಚೀನ ಭಾಷೆಗಳಿಗೇ ಪ್ರಾಶಸ್ತ್ಯವಿದ್ದ ಕಾಲದಲ್ಲಿ, 1753ರಲ್ಲಿ ಹುಟ್ಟಿದ ಲಿನೋನಿಯ ಮತ್ತು 1768ರಲ್ಲಿ ಆರಂಭವಾದ ಬ್ರದರ್ಸ್ ಇನ್ ಯೂನಿಟಿ ಎಂಬ ವಿದ್ಯಾರ್ಥಿಗಳ ಚರ್ಚಾಕೂಟಗಳು ತಮ್ಮದೇ ಗ್ರಂಥಾಲಯಗಳನ್ನು ಕಟ್ಟಿಕೊಂಡು ಕಾದಂಬರಿಗಳಿಗೂ ಜಾಗ ಕೊಟ್ಟವು. ಕೂಟಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಷೀಣಿಸಿದ ಮೇಲೆ ಆ ಪುಸ್ತಕಗಳು ಕಾಲೇಜಿನ ಪಾಲಾದವು. ಇಂದು ಸ್ಟರ್ಲಿಂಗ್ ಗ್ರಂಥಾಲಯದ ಒಂದು ವಾಚನಕೋಣೆ ಆ ಎರಡೂ ಹೆಸರುಗಳನ್ನು ಉಳಿಸಿಕೊಂಡಿದೆ.

ಹಾರ್ವರ್ಡ್‌ನಲ್ಲಿ ಇದೇ ಆಶಯ ಒಂದು ಶೋಕದಿಂದ ರೂಪ ಪಡೆಯಿತು. 1912ರಲ್ಲಿ ಅಲ್ಲಿಂದ ಪದವಿ ಪಡೆದು, ಫ್ರಾನ್ಸಿನ ವಿದೇಶಿ ದಳ, ಅಂದರೆ ಹೊರದೇಶದವರನ್ನು ಸೇರಿಸಿಕೊಳ್ಳುವ ಸೇನಾವಿಭಾಗದಲ್ಲಿ ಹೋರಾಡುತ್ತ 1915ರಲ್ಲಿ ಮಡಿದ ಹೆನ್ರಿ ವೆಸ್ಟನ್ ಫಾರ್ನ್ಸ್‌ವರ್ತ್ ಅವರ ನೆನಪಿಗಾಗಿ ವೈಡ್ನರ್ ಗ್ರಂಥಾಲಯದಲ್ಲಿ 1916ರಲ್ಲಿ ತೆರೆದ ಕೋಣೆಯು ಪಠ್ಯಾಭ್ಯಾಸಕ್ಕಲ್ಲ, ಮನಬಂದಂತೆ ಓದುವುದಕ್ಕೇ ಮೀಸಲಾಗಿತ್ತು. ಓದುವ ಹವ್ಯಾಸವನ್ನೇ ಸ್ಮಾರಕವಾಗಿಸಿದ ಈ ಆಯ್ಕೆ ಕಲ್ಲಿನ ಪ್ರತಿಮೆಗಿಂತ ಎಷ್ಟೋ ಜೀವಂತವಾದದ್ದು.

ಬರ್ಕ್ಲಿಯಲ್ಲಿ 1928ರಲ್ಲಿ ತೆರೆದ ಮಾರಿಸನ್ ಗ್ರಂಥಾಲಯದ ಮೂಲವೂ ಇಂಥದೇ: ಸ್ಯಾನ್ ಫ್ರಾನ್ಸಿಸ್ಕೋದ ವಕೀಲ ಅಲೆಕ್ಸಾಂಡರ್ ಮಾರಿಸನ್ ಅವರ ಖಾಸಗಿ ಪುಸ್ತಕಸಂಗ್ರಹವನ್ನು ಪತ್ನಿ ಮೇ ಟ್ರೀಟ್ ಮಾರಿಸನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು, ಮೆತ್ತನೆಯ ಆಸನಗಳುಳ್ಳ ಆ ಕೋಣೆ ಇಂದಿಗೂ ಮನೆಯ ಓದುಕೋಣೆಯಂತೆಯೇ ಕಾಣುತ್ತದೆ.