ಷೂ ಷಿಯಾಕೆಯ ಪ್ರವಾಸಗಳು: ಚೀನದ ಪ್ರೇಕ್ಷಣೀಯ ಸ್ಥಳಗಳೂ ಗ್ರಂಥಪ್ರಾಮಾಣ್ಯವೂ

ಚೀನೀ ಯಾತ್ರಿಕನೆಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವವನು ಹ್ಯೂಯೆನ್‌ತ್ಸಾಂಗ್. ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಅಲ್ಲಿಯ ಜನರ ಸ್ವಭಾವವನ್ನೂ ಕುರಿತು ಅವನು ಬರೆದಿಟ್ಟ ಮಾತುಗಳನ್ನು ಬಿಟ್ಟು ಚಾಲುಕ್ಯರ ಇತಿಹಾಸವನ್ನು ಪಾಠ ಹೇಳುವಂತಿಲ್ಲ. ಆದರೆ ಅವನಿಗೆ ಸುಮಾರು ಸಾವಿರ ವರ್ಷಗಳ ತರುವಾಯ ಹುಟ್ಟಿ, ಹೊರನಾಡಿಗೆ ಕಾಲಿಡದೆ, ಸ್ವದೇಶದ ಬೆಟ್ಟ ನದಿ ಗುಹೆಗಳನ್ನೇ ಮೂವತ್ತು ವರ್ಷಗಳ ಕಾಲ ಸುತ್ತಿ ದಿನಚರಿ ಬರೆದ ಷೂ ಷಿಯಾಕೆಯ ಹೆಸರು ನಮ್ಮಲ್ಲಿ ಅಪರಿಚಿತವಾಗಿಯೇ ಉಳಿದಿದೆ. ಆಧಾರಗಳನ್ನು ಪರೀಕ್ಷಿಸುವ ವಿಷಯದಲ್ಲಿ ಇತಿಹಾಸದ ಅಭ್ಯಾಸಿಗಳು ಇವನಿಂದ ಕಲಿಯಬೇಕಾದುದು ಹ್ಯೂಯೆನ್‌ತ್ಸಾಂಗನಿಂದ ಕಲಿಯುವುದಕ್ಕಿಂತ ಕಡಮೆಯೇನಲ್ಲವೆಂಬುದು ನಮ್ಮ ಭಾವನೆ.

ಚೀನದಲ್ಲಿ ಒಂದು ಸ್ಥಳವು ಪ್ರೇಕ್ಷಣೀಯವೆನಿಸಿಕೊಳ್ಳಲು ಬರಿಯ ನಿಸರ್ಗ ಸೌಂದರ್ಯವು ಸಾಲುತ್ತಿರಲಿಲ್ಲ. ಅರಸರು ಅಲ್ಲಿ ಪೂಜೆ ಸಲ್ಲಿಸಿರಬೇಕು, ಕವಿಗಳು ಹಾಡಿರಬೇಕು, ಬಂಡೆಯ ಮೇಲೆ ಅಕ್ಷರಗಳಿರಬೇಕು. ತಾಯ್‌ಷಾನ್ ಪರ್ವತದ ಮೇಲೆ ತಾಂಗ್ ವಂಶದ ಷ್ವಾನ್‌ತ್ಸುಂಗ್ ಚಕ್ರವರ್ತಿಯು 725ರಲ್ಲಿ ಸಲ್ಲಿಸಿದ ಪೂಜೆಯ ಸ್ಮಾರಕವಾಗಿ ಕೊರೆಸಿದ ಶಾಸನವು ಇಂದಿಗೂ ಉಳಿದಿದೆ. ಇಂಥ ಸ್ಥಳಗಳ ವಿವರಗಳೆಲ್ಲ ಗ್ಯಾಸೆಟಿಯರುಗಳಲ್ಲಿ ಸೇರಿ, ಒಂದರಿಂದ ಇನ್ನೊಂದಕ್ಕೆ ಪ್ರತಿಯಾಗುತ್ತ ಬಂದವು. ಹೀಗಾಗಿ ಪ್ರವಾಸ ಹೊರಟ ವಿದ್ವಾಂಸನು ತಾನು ಓದಿದ್ದನ್ನೇ ಮತ್ತೊಮ್ಮೆ ಕಂಡು ಹಿಂದಿರುಗುವುದು ವಾಡಿಕೆ. (ನಮ್ಮ ಸ್ಥಳಪುರಾಣಗಳನ್ನು ಕೈಯಲ್ಲಿ ಹಿಡಿದು ಕ್ಷೇತ್ರಗಳಿಗೆ ಹೋಗುವ ನಾವೂ ಇದಕ್ಕೆ ಹೊರತಲ್ಲ.)

ಷೂ ಈ ವಾಡಿಕೆಯನ್ನು ಮುರಿದನು. 1587ರಲ್ಲಿ ಜ್ಯಾಂಗ್‌ಸು ಪ್ರಾಂತದ ಜ್ಯಾಂಗ್‌ಯಿನ್ ಎಂಬಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಇವನು ಸರಕಾರಿ ಹುದ್ದೆಯ ಕಡೆಗೆ ಹೋಗಲಿಲ್ಲ. ತಂದೆ ತೀರಿಕೊಂಡಿದ್ದುದರಿಂದ, ವೃದ್ಧಮಾತೆಯನ್ನು ಬಿಟ್ಟು ದೂರ ಹೋಗುವುದು ಕನ್‌ಫ್ಯೂಷಿಯಸನ ಧರ್ಮಕ್ಕೆ ವಿರುದ್ಧವೆಂದು ಅವನು ಅಳುಕಿದಾಗ, ಆ ತಾಯಿಯೇ ಅವನಿಗೆ ಪ್ರಯಾಣದ ಟೊಪ್ಪಿಗೆಯನ್ನು ಸಿದ್ಧಪಡಿಸಿಕೊಟ್ಟು ಕಳುಹಿಸಿದಳು.

ಜೆಜ್ಯಾಂಗ್ ಪ್ರಾಂತದ ಯಾನ್‌ಡಾಂಗ್ ಬೆಟ್ಟಗಳ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅಲ್ಲಿಯ ಪ್ರಸಿದ್ಧ ಜಲಪಾತಕ್ಕೆ ಶಿಖರದ ಮೇಲಿರುವ ಸರೋವರವೇ ಮೂಲವೆಂದು ಮಿಂಗ್ ಸಾಮ್ರಾಜ್ಯದ ಅಧಿಕೃತ ಗ್ಯಾಸೆಟಿಯರು ಹೇಳಿತ್ತು. 1613ರಲ್ಲಿ ಷೂ ಆ ಸರೋವರವನ್ನು ಹುಡುಕಿಕೊಂಡು ಹತ್ತಿದನು. ದಾರಿ ತಪ್ಪಿ ಕಡಿದಾದ ಬಂಡೆಯ ಅಂಚಿಗೆ ಬಂದಾಗ, ಆಳುಗಳು ಕಾಲಿಗೆ ಸುತ್ತಿಕೊಂಡಿದ್ದ ಬಟ್ಟೆಗಳನ್ನು ಒಂದಕ್ಕೊಂದು ಗಂಟುಹಾಕಿ ಅದನ್ನೇ ಹಗ್ಗವಾಗಿ ಹಿಡಿದು ಇಳಿದನು. ಮೇಲೇರುವಾಗ ಬಂಡೆಯ ಅಲಗಿಗೆ ಸಿಕ್ಕಿ ಬಟ್ಟೆ ಹರಿಯಿತು. ಪ್ರಾಣ ಉಳಿದದ್ದೇ ಹೆಚ್ಚು. ಸರೋವರ ಮಾತ್ರ ಸಿಕ್ಕಲಿಲ್ಲ. ಬೇರೆ ಯಾರೇ ಆಗಲಿ ಗ್ಯಾಸೆಟಿಯರಿನ ಮಾತನ್ನೇ ತಮ್ಮ ದಿನಚರಿಯಲ್ಲಿ ಬರೆದುಕೊಂಡು ಮುಂದೆ ಸಾಗುತ್ತಿದ್ದರು. ಷೂ ಹತ್ತೊಂಬತ್ತು ವರ್ಷಗಳ ಮೇಲೆ, 1632ರಲ್ಲಿ, ಮತ್ತೆ ಅದೇ ಬೆಟ್ಟಕ್ಕೆ ಬಂದು ಸರೋವರವನ್ನು ಕಂಡು, ಅದರ ನೀರು ಬೇರೆ ಕಣಿವೆಗಳಿಗೆ ಹರಿಯುವುದೆಂದೂ ಆ ಜಲಪಾತಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೂ ನಿರ್ಧರಿಸಿದನು. ಹುವಾಂಗ್‌ಷಾನ್ ಪರ್ವತದಲ್ಲಿಯೂ ಹೀಗೆಯೇ. 1616ರಲ್ಲೊಮ್ಮೆ ನೋಡಿದ್ದ ಆ ಪರ್ವತಕ್ಕೆ 1618ರಲ್ಲಿ ಮರಳಿ ಬಂದು, ಎರಡು ಶಿಖರಗಳನ್ನೂ ಹತ್ತಿ, ಹೆಚ್ಚು ಖ್ಯಾತಿವೆತ್ತ ತ್ಯೆನ್‌ಡು ಶಿಖರಕ್ಕಿಂತ ಕಮಲಶಿಖರವೇ ಎತ್ತರವೆಂದು ಬರೆದನು. ಇಂದಿನ ಅಳತೆಯಂತೆ ಕಮಲಶಿಖರವು 1864 ಮೀಟರು, ತ್ಯೆನ್‌ಡು 1810 ಮೀಟರು.

ಯಾಂಗ್‌ತ್ಸೆ ನದಿಯ ಮೂಲದ ಪ್ರಶ್ನೆ ಇನ್ನೂ ಗುರುತರವಾದುದು. ಆ ಮಹಾನದಿಯು ಮಿನ್ ಪರ್ವತದಿಂದ ಹೊರಡುತ್ತದೆಂಬುದು ಪುರಾತನ 'ಯೂ ಕುಂಗ್' ಗ್ರಂಥದ ವಚನ. ಅದು ಶಾಸ್ತ್ರಗ್ರಂಥಗಳ ಸಾಲಿಗೆ ಸೇರಿದ್ದರಿಂದ ಅದಕ್ಕೆ ಎದುರಾಡುವವರು ವಿರಳ. ಯುನ್ನಾನಿನ ಕಡೆಯಿಂದ ಬರುವ ಜಿನ್‌ಷಾ ನದಿಯೇ ನಿಜವಾದ ಮೂಲಪ್ರವಾಹವೆಂದು ಷೂ ಪ್ರತಿಪಾದಿಸಿದನು. ಷೂವಿನ ದಿನಚರಿಯನ್ನು 1928ರಲ್ಲಿ ಭೂಪಟಗಳೊಡನೆ ಸಂಪಾದಿಸಿ ಪ್ರಕಟಿಸಿದ ಭೂವಿಜ್ಞಾನಿ ಡಿಂಗ್ ವೆನ್‌ಜ್ಯಾಂಗರು ಇದನ್ನು ಅವನ ಮಹತ್ವದ ಶೋಧವೆಂದು ಕೊಂಡಾಡಿದರು. ಜಿನ್‌ಷಾ ನದಿಯ ಸಂಗತಿಯು ಹಾನ್ ಕಾಲದಿಂದಲೇ ತಿಳಿದಿತ್ತೆಂದು ಮುಂದೆ ತಾನ್ ಚೀಷ್ಯಾಂಗರು ಆಕ್ಷೇಪವೆತ್ತಿದರು. ತಾನ್‌ರ ಆಕ್ಷೇಪವು ಸಾಧುವೆಂದೇ ನಮ್ಮ ಅಭಿಪ್ರಾಯ. ಆದರೂ ಅದರಿಂದ ಷೂವಿನ ಹಿರಿಮೆಗೆ ಕುಂದಿಲ್ಲ. ತಿಳಿದಿದ್ದೂ ಶಾಸ್ತ್ರವಚನಕ್ಕೆ ಅಂಜಿ ಆಡದಿದ್ದ ಮಾತನ್ನು ಅವನು ಬಾಯಿಬಿಟ್ಟು ಆಡಿದನು.

ಇದರಿಂದ ಅವನನ್ನು ಆಧುನಿಕ ವಿಜ್ಞಾನಿಯೆಂದು ಮಾತ್ರ ಕರೆದು ಮುಗಿಸಬಹುದೆ? ಹಾಗೆ ಕರೆಯುವವರು 1636ರ ಮಹಾಯಾತ್ರೆಯನ್ನು ಪೂರ್ತಿಯಾಗಿ ಗಮನಿಸಿಲ್ಲವೆನ್ನಬೇಕು. ಆ ವರ್ಷ ನೈರುತ್ಯ ಪ್ರಾಂತಗಳಿಗೆ ಹೊರಟ ಷೂವಿನ ಜೊತೆಯಲ್ಲಿ ಜಿಂಗ್‌ವೆನ್ ಎಂಬ ಬೌದ್ಧ ಭಿಕ್ಷುವಿದ್ದನು. ತನ್ನ ರಕ್ತದಿಂದ ಬರೆದ ಸದ್ಧರ್ಮಪುಂಡರೀಕ ಸೂತ್ರದ ಪ್ರತಿಯನ್ನು ಯುನ್ನಾನಿನ ಜೀಜೂ ಪರ್ವತದಲ್ಲಿ ಅರ್ಪಿಸಬೇಕೆಂಬುದು ಅವನ ಹರಕೆ. ಜೀಜೂ ಎಂದರೆ ಕೋಳಿಯ ಕಾಲು. ಇದು ನಮ್ಮ ಮಗಧದ ಕುಕ್ಕುಟಪಾದಗಿರಿಯ ಹೆಸರೇ. ಬುದ್ಧನ ಶಿಷ್ಯನಾದ ಮಹಾಕಾಶ್ಯಪನು ಮೈತ್ರೇಯನ ಆಗಮನವನ್ನು ನಿರೀಕ್ಷಿಸುತ್ತ ಗಿರಿಯೊಳಗೆ ಧ್ಯಾನಸ್ಥನಾಗಿದ್ದಾನೆಂಬ ಐತಿಹ್ಯವನ್ನು ಹ್ಯೂಯೆನ್‌ತ್ಸಾಂಗನು ಮಗಧದಲ್ಲಿ ಕೇಳಿ ಬರೆದಿದ್ದನು. ಕಾಲಾಂತರದಲ್ಲಿ ಹೆಸರೂ ಐತಿಹ್ಯವೂ ಕೂಡಿಯೇ ಯುನ್ನಾನಿಗೆ ವಲಸೆ ಹೋದವು.

1637ರಲ್ಲಿ ಹುನಾನಿನ ಷ್ಯಾಂಗ್ ನದಿಯಲ್ಲಿ ದರೋಡೆಕಾರರು ಅವರ ದೋಣಿಗೆ ಬೆಂಕಿಯಿಟ್ಟರು. ಜಿಂಗ್‌ವೆನ್ ಗಾಯಗೊಂಡರೂ ಸೂತ್ರದ ಪ್ರತಿಯನ್ನು ಉಳಿಸಿಕೊಂಡನು. ಮಿತ್ರರು ಹಿಂದಿರುಗೆಂದರೂ ಷೂ ಕೇಳದೆ, ಸಾಲ ಎತ್ತಿ ಮುಂದುವರಿದನು. ಗುಯ್‌ಲಿನ್ ಪ್ರದೇಶದ ಸುಣ್ಣಕಲ್ಲಿನ ಗುಹೆಗಳನ್ನು ಪಂಜು ಹಿಡಿದು ಹೊಕ್ಕು, ಅವುಗಳ ದ್ವಾರಗಳನ್ನೂ ದಿಕ್ಕುಗಳನ್ನೂ ಗುರುತಿಸಿಕೊಂಡದ್ದು ಈ ಸಂದರ್ಭದಲ್ಲಿಯೇ. ಅದೇ ವರ್ಷ ನಾನ್‌ನಿಂಗ್‌ನಲ್ಲಿ ಜಿಂಗ್‌ವೆನ್ ಮೃತನಾದನು. ಷೂ ಅವನ ಅಸ್ಥಿಯನ್ನೂ ಸೂತ್ರವನ್ನೂ ಹೊತ್ತು ಒಂದು ವರ್ಷಕ್ಕೂ ಮಿಕ್ಕಿ ನಡೆದು, 1639ರ ಮೊದಲಲ್ಲಿ ಜೀಜೂ ಪರ್ವತವನ್ನು ಸೇರಿ, ಅಲ್ಲಿ ಅವನಿಗೆ ಸಮಾಧಿ ಮಾಡಿಸಿದನು. ಸರೋವರದ ನೀರು ಯಾವ ಕಡೆಗೆ ಹರಿಯುವುದೆಂದು ಹತ್ತೊಂಬತ್ತು ವರ್ಷ ಕಾದು ನೋಡಿದವನೂ ಇವನೇ, ಮಿತ್ರನ ಹರಕೆಗಾಗಿ ಎಲುಬು ಹೊತ್ತವನೂ ಇವನೇ. ಈ ಎರಡರಲ್ಲಿ ಒಂದನ್ನು ಮರೆಮಾಡಿ ಬರೆದ ಜೀವನಚರಿತ್ರೆಯು ಅಪೂರ್ಣವೆಂದೇ ಹೇಳಬೇಕು.

ಜೀಜೂ ಪರ್ವತದಲ್ಲಿಯೇ ಉಳಿದ ಒಬ್ಬ ಆಳೂ ಹಣ ಕದ್ದು ಓಡಿಹೋದನು. ಲಿಜ್ಯಾಂಗಿನ ಪಾಳೆಯಗಾರ ಮು ತ್ಸೆಂಗನ ಕೋರಿಕೆಯಂತೆ ಷೂ ಆ ಪರ್ವತದ ಗ್ಯಾಸೆಟಿಯರನ್ನು ತಾನೇ ರಚಿಸಲು ಕುಳಿತನು. ಅಷ್ಟು ಹೊತ್ತಿಗೆ ಕಾಲುಗಳು ಸೋತಿದ್ದವು. ಮು ತ್ಸೆಂಗನ ಆಳುಗಳು ಅವನನ್ನು ಹೊತ್ತು 1640ರಲ್ಲಿ ಊರಿಗೆ ತಲುಪಿಸಿದರು. ಮರುವರ್ಷ ಅವನು ತೀರಿಕೊಂಡನು. 1645ರ ಮಂಚು ಆಕ್ರಮಣದಲ್ಲಿ ಹಸ್ತಪ್ರತಿಯ ಕೆಲಭಾಗ ಹಾಳಾಯಿತು. ಯುನ್ನಾನ್ ದಿನಚರಿಯ ಮೊದಲ ಭಾಗವು ಈಗ ಲಭ್ಯವಿಲ್ಲ. ಉಳಿದುದು ಮೊದಲ ಸಲ ಅಚ್ಚಾದುದು 1776ರಲ್ಲಿ.

ಚೀನ ಸರಕಾರವು 2011ರಲ್ಲಿ ಮೇ 19ನ್ನು ರಾಷ್ಟ್ರೀಯ ಪ್ರವಾಸ ದಿನವೆಂದು ಗೊತ್ತುಮಾಡಿತು. 1613ರಲ್ಲಿ ಈ ದಿನಚರಿಯ ಮೊದಲ ಪುಟ ಬರೆದ ದಿನವದು. ನಿಂಗ್‌ಹಾಯ್ ಪಟ್ಟಣದ ಪಶ್ಚಿಮ ದ್ವಾರದಿಂದ ಹೊರಟಾಗ ಮೋಡ ಚದುರಿ ಬಿಸಿಲಾಗಿತ್ತೆಂದು ಅಲ್ಲಿ ಬರೆದಿದೆ. ಮುಂದಿನ ದಾರಿಯಲ್ಲಿ ಹುಲಿಗಳು ತಿಂಗಳಿಗೆ ಹತ್ತಾರು ಜನರನ್ನು ಹಿಡಿಯುತ್ತಿವೆಯೆಂದು ಕೇಳಿ, ಷೂ ಅಂದಿನ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ತಂಗಿದನು.